ಥಾಯ್ಲೆಂಡಿನಲ್ಲಿ ಇಂಗ್ಲಿಷ್ ಕಲಿಸಲು ಸೆಲ್ಟಾ ಮಾಡಬೇಕೇ, ಆನ್‌ಲೈನ್ ಟೆಫಲ್ ಸಾಕೇ?

ಬಿ.ಎಡ್. ಆಗಿದೆ, ಊರಿನ ಖಾಸಗಿ ಶಾಲೆಯಲ್ಲಿ ಪಾಠ ಮಾಡಿ ಗೊತ್ತಿದೆ, ಥಾಯ್ಲೆಂಡಿನ ಕೆಲಸಕ್ಕೆ ಅರ್ಜಿ ಹಾಕುವವರಿದ್ದೀರಿ, ಉಚ್ಚಾರಣೆಯದೊಂದೇ ಅಳುಕು ಎಂದು ಬರೆದಿದ್ದೀರಿ. ನಾನು ಹೊರಟಾಗಲೂ ಥೇಟ್ ಹೀಗೇ ಇದ್ದೆ. ಸೆಲ್ಟಾ, ಟೆಫಲ್ ಎರಡೂ ಇಂಗ್ಲಿಷ್ ಕಲಿಸುವವರಿಗಿರುವ ಸರ್ಟಿಫಿಕೇಟ್ ಕೋರ್ಸುಗಳು; ಅವುಗಳ ವಿಚಾರ ಆಮೇಲೆ ನೋಡೋಣ. ಮೊದಲು ಇಬ್ಬರು ಐಸ್‌ಗಳ ಕಥೆ ಕೇಳಿ.

ಖೋನ್ ಕೇನ್ ಪ್ರಾಂತ್ಯದ ಒಂದು ಸರ್ಕಾರಿ ಶಾಲೆ. ಮತ್ತಯೋಮ್ 2, ಅಂದರೆ ನಮ್ಮ ಎಂಟನೇ ತರಗತಿ. ಒಂದು ಕೋಣೆಯಲ್ಲಿ ನಲವತ್ತಕ್ಕೂ ಹೆಚ್ಚು ಮಕ್ಕಳು. ಅಲ್ಲಿನ ಮಕ್ಕಳಿಗೆ ದಾಖಲೆಯಲ್ಲೊಂದು ಮಾರುದ್ದದ ಹೆಸರು, ಕರೆಯುವುದಕ್ಕೊಂದು ತುಂಡು ಹೆಸರು. ಬ್ಯಾಂಕ್, ಬಾಲ್, ಫಿಲ್ಮ್, ಐಸ್. ಬೀರ್ ಎಂಬ ಹುಡುಗನೂ ಇದ್ದ. ಶಿಕ್ಷಕರೂ ತುಂಡು ಹೆಸರಿನಿಂದಲೇ ಕೂಗುತ್ತಾರೆ. ಆದರೆ ಕಚೇರಿಯಿಂದ ಬರುವ ಅಂಕಪಟ್ಟಿಯಲ್ಲಿರುವುದು ಉದ್ದನೆಯ ಹೆಸರು, ಅದೂ ಥಾಯ್ ಲಿಪಿಯಲ್ಲಿ. ನನಗೆ ಆ ಲಿಪಿಯ ಒಂದಕ್ಷರವೂ ಬಾರದು.

ಹಾಗಾಗಿ ನನ್ನದೇ ಒಂದು ಲೆಕ್ಕದ ಪುಸ್ತಕ ಮಾಡಿಕೊಂಡೆ. ತುಂಡು ಹೆಸರು, ಪಕ್ಕದಲ್ಲಿ ಅಂಕ. ಆ ತರಗತಿಯಲ್ಲಿ ಇಬ್ಬರು ಐಸ್, ಒಬ್ಬ ಹುಡುಗ, ಒಬ್ಬಳು ಹುಡುಗಿ. ಹುಡುಗ ಕಿಟಕಿಯ ಬಳಿ ಕೂರುತ್ತಿದ್ದ, ಅವನು ಐಸ್ ಎ. ಹುಡುಗಿ ಐಸ್ ಬಿ. ಅಲ್ಲಿಯವರೆಗೆ ಸರಿಯಿತ್ತು. ಆದರೆ ನೋಟ್‌ಬುಕ್ಕುಗಳನ್ನು ನಾನು ತಿದ್ದುತ್ತಿದ್ದುದು ಮನೆಯಲ್ಲಿ, ರಾಶಿ ಹಾಕಿಕೊಂಡು. ಮುಖಪುಟದಲ್ಲಿ ಬರೀ ಐಸ್ ಎಂದಿದ್ದರೆ ಎ ಯಾವುದು, ಬಿ ಯಾವುದು? ಅಂದಚೆಂದದ ಅಕ್ಷರ ನೋಡಿ ಊಹಿಸುತ್ತಿದ್ದೆ. ಸೆಪ್ಟೆಂಬರಿನಲ್ಲಿ ಅಂಕ ಕೊಡುವ ಗಡಿಬಿಡಿ ಶುರುವಾದಾಗ, ಎ ಮತ್ತು ಬಿ ಪಟ್ಟಿಯಲ್ಲಿ ಎಲ್ಲಿದ್ದಾರೆ ಎಂದು ಕಾರಿಡಾರಿನಲ್ಲಿ ಸಿಕ್ಕ ಒಬ್ಬ ಹುಡುಗನನ್ನು ಕೇಳಿದೆ. ಅವನು ನಗುತ್ತಾ ಎರಡು ಸಾಲುಗಳ ಮೇಲೆ ಬೆರಳಿಟ್ಟ. ನಾನು ತುಂಬಿಸಿದೆ. ಸದಾ ತಕ್ರಾ (ಕಾಲಿನಿಂದ ಚೆಂಡಾಡುವ ಆಟ) ಅಂಕಣದಲ್ಲೇ ಇರುತ್ತಿದ್ದ ಐಸ್‌ಗೆ 3 ಬಂತು, ಒಂದು ದಿನವೂ ಹೋಮ್‌ವರ್ಕ್ ತಪ್ಪಿಸದ ಐಸ್‌ಗೆ 0.

ಅಲ್ಲಿನ ಶ್ರೇಣಿ 0ಯಿಂದ 4ರವರೆಗೆ. 100ಕ್ಕೆ 50ರ ಕೆಳಗೆ ಬಂದರೆ ಸೊನ್ನೆ. ಆದರೆ ನಮ್ಮಲ್ಲಿಯ ಹಾಗೆ ಫೇಲ್ ಎಂದು ಬರೆದು ಶಿಕ್ಷಕ ಕೈತೊಳೆದುಕೊಳ್ಳುವಂತಿಲ್ಲ. ಮರುಪರೀಕ್ಷೆಯೋ ಹೆಚ್ಚುವರಿ ಕೆಲಸವೋ ಕೊಟ್ಟು ಅವನೇ ಆ ಸೊನ್ನೆಯನ್ನು ಸರಿಪಡಿಸಬೇಕು, ಮತ್ತು ಹಾಗೆ ಸರಿಪಡಿಸಿದರೆ ಮಗುವಿಗೆ ಸಿಗುವುದು ಹೆಚ್ಚೆಂದರೆ 1. ಇದು ಗೊತ್ತಿರುವ ಅಲ್ಲಿನ ಶಿಕ್ಷಕರು ಸೊನ್ನೆ ಬರೆಯುವ ಮೊದಲೇ ಮಗುವನ್ನು ಕರೆದು ಏನಾದರೂ ಬರೆಸಿಕೊಂಡು ಮುಗಿಸುತ್ತಾರೆ. ನಾನೋ ಎಸ್ಸೆಸ್ಸೆಲ್ಸಿ ಮೌಲ್ಯಮಾಪಕನ ಗತ್ತಿನಲ್ಲಿ ಧಾರಾಳವಾಗಿ ಸೊನ್ನೆ ಹಂಚಿದ್ದೆ. ಇಷ್ಟೊಂದು ಸೊನ್ನೆಯೇ ಎಂದು ವಿಭಾಗದ ಸಭೆಯಲ್ಲಿ ಕೇಳಿದಾಗ, ನನ್ನ ಲೆಕ್ಕ ತಪ್ಪುವುದಿಲ್ಲ ಎಂದು ಎಲ್ಲರೆದುರು ಹೇಳಿದೆ. ಯಾರೂ ಎದುರಾಡಲಿಲ್ಲ, ನಕ್ಕರು. ಅಲ್ಲಿ ನಗುವಿಗೆ ನಾನಾ ಅರ್ಥ.

ಮಾರನೆಯ ದಿನ ನನ್ನ ಸಹಶಿಕ್ಷಕಿ ಒಂದು ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟರು. ಬೆಕ್ಕಿನ ಸ್ಟಿಕ್ಕರ್ ಅಂಟಿಸಿದ ಮುಖಪುಟ, ಒಳಗೆ ಪುಟಪುಟಕ್ಕೂ ನನ್ನದೇ ಕೆಂಪು ಸಹಿ. ಮುಖಪುಟದ ಮೇಲಿನ ಮೂಲೆಯಲ್ಲಿ ಚಿಕ್ಕದಾಗಿ 31 ಎಂದು ಬರೆದಿತ್ತು. ಅದು ಹುಡುಗಿ ಐಸ್‌ನ ಕ್ರಮಸಂಖ್ಯೆ, ಅಂಕಪಟ್ಟಿಯಲ್ಲಿಯೂ ಅದೇ. ಅವರು ಲೇಕ್ ಥೀ ಎನ್ನುತ್ತಾರೆ. ನಮ್ಮ ಶಾಲೆಯಲ್ಲಿ ಹುಡುಗರ ಸಂಖ್ಯೆ ಮುಗಿದ ಮೇಲೆ ಹುಡುಗಿಯರದು. ಆ 31 ನೋಡಿದ್ದರೆ ಲಿಪಿ ಬಾರದವನಿಗೂ ಎಲ್ಲವೂ ತಿಳಿಯುತ್ತಿತ್ತು. ಅದನ್ನು ಯಾವುದೋ ಪುಟಸಂಖ್ಯೆ ಎಂದುಕೊಂಡಿದ್ದೆ.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಹುಡುಗಿಯ ತಾಯಿ ಅದೇ ಶಾಲೆಯ ಗಣಿತ ಶಿಕ್ಷಕಿ. ಮಾಮೂಲು ದಾರಿಯಲ್ಲಿ ಸರಿಪಡಿಸಿದರೆ ಅವಳಿಗೆ 1 ಮಾತ್ರ ಸಿಗುತ್ತಿದ್ದುದರಿಂದ ಮುಖ್ಯಸ್ಥರಿಗೆ ಪತ್ರ ಬರೆಯಬೇಕಾಯಿತು; ಅದಕ್ಕೆ ಏನೂ ತಪ್ಪು ಮಾಡದ ಸಹಶಿಕ್ಷಕಿಯೂ ಸಹಿ ಹಾಕಬೇಕಾಯಿತು. ನನ್ನನ್ನು ಯಾರೂ ಬಯ್ಯಲಿಲ್ಲ. ಮಾರ್ಚಿನಲ್ಲಿ ಒಪ್ಪಂದ ಮುಗಿದಾಗ, ಮುಂದಿನ ವರ್ಷಕ್ಕೆ ಅನುದಾನವಿಲ್ಲ ಎಂದರು. ಕೆಲಸದ ಆಧಾರದ ಮೇಲೆ ಸಿಕ್ಕ ವೀಸಾ ವಿಸ್ತರಣೆ ಕೆಲಸದ ಜೊತೆಗೇ ಹೋಗುತ್ತದೆ, ಗೊತ್ತಿರಲಿ.

ಈಗ ನಿಮ್ಮ ಪ್ರಶ್ನೆ. ಅದೇ ಸರಿಯಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಸೆಲ್ಟಾದಲ್ಲಿ ನೀವು ಪರಿವೀಕ್ಷಕರೆದುರು 6 ಗಂಟೆ ಪಾಠ ಮಾಡುತ್ತೀರಿ, ಅದೂ ದುಡ್ಡು ಕೊಟ್ಟೋ ಆಸೆಪಟ್ಟೋ ಕಲಿಯಲು ಬಂದ ವಯಸ್ಕರಿಗೆ. ಮಧ್ಯಾಹ್ನದ ಊಟವಾದ ಮೇಲೆ ಸ್ಕೌಟ್ ಸಮವಸ್ತ್ರದಲ್ಲಿ ಬೆವರುತ್ತಾ ಕೂತ ನಲವತ್ತು ಮಕ್ಕಳಿಗೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ಬಿ.ಎಡ್. ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಉಚ್ಚಾರಣೆಯ ಚಿಂತೆಯಂತೂ ಬಿಟ್ಟೇಬಿಡಿ. ಥಾಯ್ ನಾಲಿಗೆಯಲ್ಲಿ ಪದದ ಕೊನೆಯ ಲಕಾರ ನಕಾರವಾಗುತ್ತದೆ, ಸಕಾರ ತಕಾರವಾಗುತ್ತದೆ. ಅವರಿಗೆ ಫುಟ್‌ಬಾಲ್ ಎಂದರೆ ಫುಟ್‌ಬೋನ್, ಬಸ್ ಎಂದರೆ ಬತ್. ಬಸ್ಸು, ಕಾರು ಎಂದು ಕೊನೆಯ ವ್ಯಂಜನವನ್ನು ಒತ್ತಿ ಹೇಳುವ ನಮ್ಮ ಬಾಯಿ ಅವರಿಗೆ ಒಳ್ಳೆಯದೇ. ನಿಮಗೆ ಅಡ್ಡ ಬರುವುದು ಪಾಸ್‌ಪೋರ್ಟ್. ಭಾರತೀಯರನ್ನು ಮಾತೃಭಾಷಿಕರ ಸಾಲಿಗೆ ಸೇರಿಸುವುದಿಲ್ಲ, ಅದೇ ಕೆಲಸಕ್ಕೆ ಸಂಬಳವೂ ಕಡಿಮೆ. ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 990ಕ್ಕೆ 600 ಕೇಳುವುದು ರೂಢಿ. ಆ ಅಂಕ ಕೈಗೆ ಬರುವ ಮೊದಲು ವಿಮಾನದ ಟಿಕೆಟ್ ಮಾಡಿಸಬೇಡಿ. ಪ್ರವಾಸಿ ವೀಸಾದಲ್ಲಿ ಬನ್ನಿ, ಆಮೇಲೆ ಬದಲಿಸೋಣ ಎನ್ನುವ ಏಜೆಂಟ್ ಸಿಕ್ಕರೆ ಫೋನ್ ಇಟ್ಟುಬಿಡಿ. ಕೆಲಸದ ಪರವಾನಗಿ ಇಲ್ಲದೆ ಪಾಠ ಮಾಡುವುದು ಅಲ್ಲಿ ಅಪರಾಧ.

ಹೋದ ಮೊದಲ ವಾರವೇ ಸಹಶಿಕ್ಷಕಿಯನ್ನು ಕೂರಿಸಿಕೊಂಡು ಪಟ್ಟಿಯಲ್ಲಿ ಪ್ರತಿ ಸಾಲಿನ ಮುಂದೆ ತುಂಡು ಹೆಸರು ಬರೆದುಕೊಳ್ಳಿ. ಲೇಕ್ ಥೀ ಇಲ್ಲದ ನೋಟ್‌ಬುಕ್ ಮುಟ್ಟಬೇಡಿ. ಸೊನ್ನೆ ಬರೆಯುವ ಮೊದಲು ಅವರನ್ನು ಕೇಳಿ, ಅವರೊಬ್ಬರನ್ನೇ, ಸಭೆಯಲ್ಲಲ್ಲ. ಬಣ್ಣದ ತಂಡಗಳ ಕ್ರೀಡಾಕೂಟದ ತಾಲೀಮು ಶುರುವಾದರೆ ವಾರಗಟ್ಟಲೆ ತರಗತಿ ಖಾಲಿ ಹೊಡೆಯುತ್ತದೆ, ನಿಮಗೆ ಯಾರೂ ಹೇಳುವುದಿಲ್ಲ. ಅದಕ್ಕೆ ಸಿಟ್ಟಾಗಬೇಡಿ, ಹೋಗಿ ತಾಲೀಮು ನೋಡಿ.

ಶಾಲೆ ಸರ್ಟಿಫಿಕೇಟ್ ಕೇಳಿದರೆ 120 ಗಂಟೆಯ ಆನ್‌ಲೈನ್ ಟೆಫಲ್ ತೋರಿಸಿ, ಸಾಕು. ಸೆಲ್ಟಾಕ್ಕೆಂದು ಎತ್ತಿಟ್ಟ ದುಡ್ಡನ್ನು ಮುಟ್ಟದೆ ಹಾಗೇ ಇಟ್ಟುಕೊಳ್ಳಿ. ಅಲ್ಲಿನ ಒಪ್ಪಂದಗಳು ಎಷ್ಟೋ ಕಡೆ 10 ಅಥವಾ 11 ತಿಂಗಳಿನವು. ಏಪ್ರಿಲ್‌ನಲ್ಲಿ ಶಾಲೆಗೆ ರಜೆ, ನಿಮ್ಮ ಸಂಬಳಕ್ಕೂ ರಜೆ, ಮನೆಬಾಡಿಗೆಗೆ ಮಾತ್ರ ಇಲ್ಲ.