ಪ್ರತಿಕ್ರಿಯೆ: ಲಂಡನ್ನಿನಲ್ಲಿ ವೋಲ್ವೋ ಎಕ್ಸ್‌ಸಿ90 ತಗೊಳ್ಳೋದಾ, ಆಡಿ ಕ್ಯೂ7 ತಗೊಳ್ಳೋದಾ?

ಎರಡು ಮತ್ತು ಐದು ವರ್ಷದ ಮಕ್ಕಳು, ಜೊತೆಗೆ ಮೈಸೂರಿನಿಂದ ಬರುವ ಅಪ್ಪ-ಅಮ್ಮ ಅಂದಿರಿ. ಹಾಗಾದರೆ ಕ್ಯೂ7 ಕಡೆಗೇ ನನ್ನ ಒಲವು.

ಎಕ್ಸ್‌ಸಿ90 ಒಳ್ಳೆಯ ಗಾಡಿ, ಅದರಲ್ಲಿ ಎರಡು ಮಾತಿಲ್ಲ. ಮಧ್ಯದ ಸಾಲಿನ ನಡುವಿನ ಸೀಟಿನಲ್ಲೇ ಬೂಸ್ಟರ್, ಅಂದರೆ ಮಗುವನ್ನು ಎತ್ತರಿಸಿ ಕೂರಿಸುವ ಮೆತ್ತೆ, ಅಡಗಿರುತ್ತದೆ. 15ರಿಂದ 36 ಕೆ.ಜಿ. ತೂಕದ ಮಗುವಿಗೆ ಸಾಕು. ಹಳೇ ಗಾಡಿ ನೋಡುತ್ತಿದ್ದರೆ ಅದು ಇದೆಯೇ ಅಂತ ಎಳೆದು ನೋಡಿ. ತೊಂದರೆ ಇರೋದು ಮೂರನೇ ಸಾಲಿನಲ್ಲಿ: ಅಲ್ಲಿ ಐಸೋಫಿಕ್ಸ್, ಅಂದರೆ ಮಕ್ಕಳ ಸೀಟನ್ನು ನೇರವಾಗಿ ಗಾಡಿಗೆ ಸಿಕ್ಕಿಸುವ ಕೊಂಡಿ, ಇಲ್ಲ. ಮಧ್ಯದ ಸಾಲಿನ ಬದಿಗಳಲ್ಲಿ ಮಕ್ಕಳ ಸೀಟು ಬಿಗಿದಿರೋ, ಹಿಂದಕ್ಕೆ ಹೋಗುವ ದಾರಿಯೇ ಮುಚ್ಚಿತು. ಮಂಡಿನೋವಿರುವ ಹಿರಿಯರನ್ನು ಅಲ್ಲಿಗೆ ಹತ್ತಿಸೋದು ಬೇಡವೇ ಬೇಡ.

ಏಳು ಸೀಟಿನ ಕ್ಯೂ7ನಲ್ಲಿ ಹಿಂದಿನ ಐದೂ ಸೀಟುಗಳಿಗೆ ಐಸೋಫಿಕ್ಸ್ ಇದೆ. ದೊಡ್ಡ ಮಗುವನ್ನು ಕೊನೇ ಸಾಲಿಗೆ ಕಳಿಸಿ, ಚಿಕ್ಕದನ್ನು ಅಜ್ಜಿ ಪಕ್ಕದಲ್ಲಿ ಹಿಮ್ಮುಖವಾಗಿ ಕೂರಿಸಬಹುದು. ಬ್ರಿಟನ್‌ನಲ್ಲಿ 12 ವರ್ಷ ಅಥವಾ 135 ಸೆಂ.ಮೀ. ಎತ್ತರ, ಯಾವುದು ಮೊದಲೋ ಅಲ್ಲಿಯವರೆಗೆ ಮಕ್ಕಳ ಸೀಟು ಕಡ್ಡಾಯವಾದ್ದರಿಂದ ಈ ಅನುಕೂಲ ವರ್ಷಗಟ್ಟಲೆ ಒದಗುತ್ತದೆ.

ಟೆಸ್ಟ್ ಡ್ರೈವ್‌ಗೆ ನಿಮ್ಮ ಮಕ್ಕಳ ಎರಡೂ ಸೀಟು, ಪ್ರ್ಯಾಮ್ (ಮಗುವಿನ ತಳ್ಳುಗಾಡಿ) ಒಯ್ಯಿರಿ. ಕೊನೇ ಸಾಲು ಎತ್ತಿಟ್ಟು ಡಿಕ್ಕಿ ಮುಚ್ಚುತ್ತದಾ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.