ಬಟ್ಟೆ ಹಗ್ಗದ ಗೂಡನ್ನು ಕೀಳಬೇಡಿ
ಬಾಲ್ಕನಿಯ ಬಟ್ಟೆ ಹಗ್ಗಕ್ಕೆ ಜೋತುಬಿದ್ದಿರುವ ‘ಕಸದ ಉಂಡೆ’ಯನ್ನು ಬಿಚ್ಚಿ ದಾಸವಾಳದ ಗಿಡಕ್ಕೆ ಕಟ್ಟಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಅದು ಹಕ್ಕಿಯ ಗೂಡು. ಅಲ್ಲಿಗೆ ಬರುವ ಹಕ್ಕಿಗೆ ಹಳದಿ ಹೊಟ್ಟೆ, ಬಾಗಿದ ಕೊಕ್ಕು ಅಂದಿರಲ್ಲ, ಅದು ಸೂರಕ್ಕಿ, ಹೂವಿನ ಮಕರಂದ ಹೀರುವ ಪುಟ್ಟ ಹಕ್ಕಿ. ಗೂಡು ಕಟ್ಟುವುದೆಲ್ಲ ಹೆಣ್ಣೇ. ಜೇಡರ ಬಲೆಯ ಎಳೆಯನ್ನೇ ಅಂಟು ಮಾಡಿಕೊಂಡು ನಾರು, ಒಣ ಎಲೆ, ತೊಗಟೆ ಚೂರು ಸೇರಿಸುತ್ತದೆ. ಬಾಗಿಲ ಮೇಲೊಂದು ಪುಟ್ಟ ಸೂರು ಬೇರೆ! ಗಂಡು ಪಕ್ಕದಲ್ಲಿ ಕೂತು ಕೂಗುತ್ತಿರುತ್ತದೆ, ಅಷ್ಟೇ. (ಮರಿಗೆ ಉಣಿಸುವಾಗ ಅದೂ ದುಡಿಯುತ್ತದೆ ಅನ್ನಿ.) ಸಾಮಾನ್ಯವಾಗಿ ಎರಡು ಮೊಟ್ಟೆ. ಮರಿಯಾಗಲು ಸುಮಾರು 15 ದಿನ, ಹಾರಲು ಇನ್ನೊಂದು 17 ದಿನ. ಅಲ್ಲಿವರೆಗೆ ಬಟ್ಟೆ ಬೇರೆ ಕಡೆ ಒಣಗಿಸಿ. ಜಾಗ ಬದಲಿಸಿದರೆ ತಾಯಿ ಗೂಡು ಬಿಟ್ಟುಹೋಗುವ ಸಾಧ್ಯತೆ ಜಾಸ್ತಿ. ಸುಮ್ನೆ ಪದೇಪದೇ ಇಣುಕಲೂ ಬೇಡಿ, ಕಾಗೆ ನೋಡುತ್ತಿರುತ್ತದೆ.