ಕಡಿಮೆ ಖರ್ಚಿನಲ್ಲಿ ವಿಯೆಟ್ನಾಂ ಪ್ರವಾಸ

ಪ್ರಶ್ನೆ: ಪದವಿ ಮುಗಿಸಿರುವ ನಾನು ಮತ್ತು ನನ್ನ ಗೆಳತಿ ಬೆನ್ನಿಗೊಂದು ಚೀಲ ಹಾಕಿಕೊಂಡು ಎರಡು ವಾರ ವಿಯೆಟ್ನಾಂ ಸುತ್ತಬೇಕೆಂದಿದ್ದೇವೆ. ಇಬ್ಬರೂ ಸಸ್ಯಾಹಾರಿಗಳು. ಖರ್ಚಿನ ಲೆಕ್ಕವನ್ನು ಹೇಗೆ ಹಾಕಬೇಕು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ವಿಮಾನದ ಟಿಕೆಟ್ಟಿನ ದರ ನೋಡಿ, ಆಮೇಲೆ ದಿನಾಂಕ ಗೊತ್ತುಮಾಡಿಕೊಳ್ಳಿ. ಹನೋಯಿಯಲ್ಲಿ ಇಳಿದು, ದಕ್ಷಿಣದ ಹೋ ಚಿ ಮಿನ್ ನಗರದಿಂದ ಮರಳುವಂತೆ ಯೋಜಿಸಿದರೆ, ಸುಮಾರು 1,700 ಕಿಲೋಮೀಟರ್ ದಾರಿಯನ್ನು ಮತ್ತೆ ಹಿಂದಕ್ಕೆ ಸವೆಸುವ ಖರ್ಚು ಉಳಿಯುತ್ತದೆ. ನಡುವಿನ ದೂರವನ್ನು ರಾತ್ರಿಯ ರೈಲು ಅಥವಾ ಸ್ಲೀಪರ್ ಬಸ್ಸಿನಲ್ಲಿ ಕ್ರಮಿಸಿದರೆ ಅಷ್ಟು ರಾತ್ರಿಗಳ ಕೋಣೆ ಬಾಡಿಗೆಯೂ ಉಳಿಯುತ್ತದೆ. ಒಂದು ಪ್ರವೇಶದ ಇ-ವೀಸಾಕ್ಕೆ 25 ಡಾಲರ್ ಶುಲ್ಕವಿದ್ದು, ವಿಯೆಟ್ನಾಂ ಸರ್ಕಾರದ ಜಾಲತಾಣದಲ್ಲಿಯೇ ಅರ್ಜಿ ಹಾಕಿರಿ. ಅರ್ಜಿ ತಿರಸ್ಕೃತವಾದರೂ ಈ ಹಣ ಮರಳುವುದಿಲ್ಲವಾದ್ದರಿಂದ, ಪಾಸ್‌ಪೋರ್ಟಿನಲ್ಲಿರುವ ಹೆಸರನ್ನು ಅಕ್ಷರಶಃ ಹಾಗೆಯೇ ತುಂಬಿರಿ.

ಊಟದ ಬಗ್ಗೆ ನಿಮಗಿರುವ ಕಾಳಜಿ ಸಹಜವೇ. ಬರೀ ತರಕಾರಿಯಂತೆ ಕಾಣುವ ಪಲ್ಯಕ್ಕೂ ಅಲ್ಲಿ ಮೀನಿನ ಸಾಸ್ ಬೆರೆಸಿರುತ್ತಾರೆ. ‘ಚಾಯ್’ (chay, ಅಂದರೆ ಸಸ್ಯಾಹಾರ) ಎಂಬ ಫಲಕವಿರುವ ಸಸ್ಯಾಹಾರಿ ಅಂಗಡಿಗಳು ಊರೂರಿನಲ್ಲಿವೆ, ಬೆಲೆಯೂ ಅಗ್ಗ. ಚಾಂದ್ರಮಾಸದ ಮೊದಲ ಮತ್ತು ಹದಿನೈದನೆಯ ದಿನ ಸ್ಥಳೀಯ ಬೌದ್ಧರೇ ಅಲ್ಲಿ ಸಾಲುಗಟ್ಟುತ್ತಾರೆ.

ಎಟಿಎಂ ಯಂತ್ರವು ರೂಪಾಯಿಯಲ್ಲಿ ಲೆಕ್ಕ ಹಾಕಲೇ ಎಂದು ಕೇಳಿದರೆ ನಿರಾಕರಿಸಿ, ವಿಯೆಟ್ನಾಂ ಕರೆನ್ಸಿಯಾದ ಡಾಂಗ್ ಅನ್ನೇ ಆರಿಸಿಕೊಳ್ಳಿ. ಇಲ್ಲವಾದರೆ ವಿನಿಮಯ ದರದಲ್ಲಿ ನಷ್ಟವಾಗುತ್ತದೆ. ಜನವರಿ-ಫೆಬ್ರುವರಿಯಲ್ಲಿ ಬರುವ ಟೆಟ್ ಹಬ್ಬದ ವಾರದಲ್ಲಿ ಟಿಕೆಟ್ಟುಗಳು ದುಬಾರಿಯಾಗಿ ಅನೇಕ ಅಂಗಡಿಗಳು ಮುಚ್ಚಿರುವುದರಿಂದ, ಆ ದಿನಗಳನ್ನು ಖಂಡಿತ ಬಿಡಿ.